ಕೂತ ವರ್ಷ, ಕಲಿತ ವರ್ಷ

ಹತ್ತು ವರ್ಷ ಶಾಲೆಗೆ ಹೋದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬಳು ಹೊಸ ಯಂತ್ರದ ಜೊತೆ ಬಂದ ಕೈಪಿಡಿ ಓದಿ, ಎಲ್ಲೆಲ್ಲಿ ಎಣ್ಣೆ ಬಿಡಬೇಕು, ಎಷ್ಟು ಗಂಟೆಗೊಮ್ಮೆ ಫಿಲ್ಟರ್ ಬದಲಿಸಬೇಕು ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾಳೆ. ಇನ್ನೊಬ್ಬನಿಗೆ ಅದೇ ಕೈಪಿಡಿಯ ಮೊದಲ ಪುಟ ಮುಗಿಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಕ್ಷರ ಗೊತ್ತು, ಅರ್ಥ ಕೂಡುವುದಿಲ್ಲ. ಅಂಕಿಅಂಶದ ಪುಸ್ತಕದಲ್ಲಿ ಇಬ್ಬರ ಎದುರಿಗೂ ಒಂದೇ ಸಂಖ್ಯೆ: 10. ಶಿಕ್ಷಣದ ಅರ್ಥಶಾಸ್ತ್ರದಲ್ಲಿ ಆಗುವ ಬಹುಪಾಲು ತಪ್ಪುಗಳ ಬೇರು ಈ ಹತ್ತರಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಬೆಂಚಿನ ಮೇಲೆ ಕೂತ ವರ್ಷವನ್ನು ಹಾಜರಿ ಪುಸ್ತಕ ನೋಡಿ ಎಣಿಸಬಹುದು. ತಲೆಗೂ ಕೈಗೂ ಇಳಿದದ್ದನ್ನು ಎಣಿಸಲು ಒಬ್ಬೊಬ್ಬರ ಎದುರಿಗೆ ಕೂತು ಕೇಳಬೇಕು. ಸುಲಭವಾಗಿ ಸಿಕ್ಕಿದ ಮೊದಲನೆಯದನ್ನೇ ನಾವು ಬಂಡವಾಳ ಅಂತ ಬರೆದಿಟ್ಟುಕೊಂಡೆವು.

ಬಂಡವಾಳ ಅನ್ನುವ ಮಾತು ಇಲ್ಲಿಗೆ ಬಂದದ್ದಾದರೂ ಹೇಗೆ? ಎರಡನೇ ಮಹಾಯುದ್ಧದ ನಂತರ ಅಮೆರಿಕದ ರಾಷ್ಟ್ರೀಯ ಆದಾಯ ಏರಿದ ವೇಗವನ್ನು ಭೂಮಿ, ಯಂತ್ರ, ದುಡಿದ ಗಂಟೆ ಈ ಮೂರನ್ನು ಕೂಡಿಸಿದರೂ ವಿವರಿಸಲಾಗುತ್ತಿರಲಿಲ್ಲ. ಲೆಕ್ಕದಲ್ಲಿ ದೊಡ್ಡದೊಂದು ಶಿಲ್ಕು ಉಳಿಯುತ್ತಿತ್ತು. ಬಾಂಬು ಬಿದ್ದು ನೆಲಸಮವಾಗಿದ್ದ ದೇಶಗಳು ಎಲ್ಲರೂ ಅಂದುಕೊಂಡದ್ದಕ್ಕಿಂತ ಬೇಗ ಎದ್ದು ನಿಂತಿದ್ದವು. ಕಾರ್ಖಾನೆ ಸುಟ್ಟಿತ್ತು, ಅದನ್ನು ನಡೆಸಬಲ್ಲವರ ತಿಳಿವಳಿಕೆ ಸುಟ್ಟಿರಲಿಲ್ಲ. 1960ರ ಡಿಸೆಂಬರ್‌ನಲ್ಲಿ ಥಿಯೊಡರ್ ಶುಲ್ಟ್ಸ್ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಇದನ್ನೇ ಎತ್ತಿಕೊಂಡರು: ಶಿಕ್ಷಣ, ಆರೋಗ್ಯ, ಕೆಲಸದ ಮೇಲಿನ ತರಬೇತಿಗೆ ಮಾಡುವ ಖರ್ಚು ಬರೀ ಖರ್ಚಲ್ಲ, ಹೂಡಿಕೆ. 1964ರಲ್ಲಿ ಗ್ಯಾರಿ ಬೆಕರ್ ಅದಕ್ಕೆ ಗಟ್ಟಿಯಾದ ಲೆಕ್ಕಾಚಾರದ ಚೌಕಟ್ಟು ಕಟ್ಟಿದರು. ಮನುಷ್ಯನನ್ನು ಬಂಡವಾಳ ಅನ್ನುವುದು ಅವನನ್ನು ಯಂತ್ರಕ್ಕೆ ಇಳಿಸಿದಂತೆ ಅಂತ ಆಗ ಬಹಳ ಜನ ಆಕ್ಷೇಪಿಸಿದರು. ಆ ಆಕ್ಷೇಪ ಹಗುರವಾದದ್ದಲ್ಲ. ಆದರೆ ಶುಲ್ಟ್ಸ್ ಹೇಳುತ್ತಿದ್ದದ್ದು ಅದರ ಉಲ್ಟಾ. ತನ್ನಲ್ಲೇ ಹೂಡಿಕೊಳ್ಳುವ ಮನುಷ್ಯನಿಗೆ ಆಯ್ಕೆಗಳು ಹೆಚ್ಚುತ್ತವೆ, ಅದು ಅವನ ಸ್ವಾತಂತ್ರ್ಯವನ್ನೇ ಹಿಗ್ಗಿಸುತ್ತದೆ ಅನ್ನುವುದು ಅವರ ವಾದವಾಗಿತ್ತು.

ವಿದ್ಯೆಯನ್ನು ಕಳ್ಳ ಕದಿಯಲಾರ, ಅಣ್ಣತಮ್ಮಂದಿರು ಪಾಲು ಕೇಳಲಾರರು ಅನ್ನುವ ಹಳೆಯ ಮಾತಿದೆ. ಅದೇ ಗುಣದಿಂದಾಗಿ ಬ್ಯಾಂಕು ಅದನ್ನು ಅಡವಿಟ್ಟುಕೊಳ್ಳಲೂ ಆಗುವುದಿಲ್ಲ. ಹೊಲ ಖರೀದಿಗೆ ಸಾಲ ಕೊಟ್ಟವರು ಸಾಲ ತೀರದಿದ್ದರೆ ಹೊಲ ಹಿಡಿಯುತ್ತಾರೆ. ಓದಿಗೆ ಕೊಟ್ಟವರು ಹಿಡಿಯುವುದೇನನ್ನು? ಹೀಗಾಗಿ ಒಳ್ಳೆಯ ಪ್ರತಿಫಲ ಕೊಡುವ ಓದಿಗೂ ಬಡ ಮನೆಯ ಮಗುವಿಗೆ ಸಾಲ ಸಿಗುವುದಿಲ್ಲ, ಸಿಕ್ಕರೂ ಬಡ್ಡಿ ಜಾಸ್ತಿ. ಸರ್ಕಾರಗಳು ಶಾಲೆಗೆ ದುಡ್ಡು ಹಾಕಲೇಬೇಕು ಅನ್ನುವುದಕ್ಕೆ ಕರುಣೆ ಒಂದೇ ಕಾರಣವಲ್ಲ. ಈ ಒಂದು ಮಾರುಕಟ್ಟೆ ತಾನಾಗಿ ಹುಟ್ಟಿಕೊಳ್ಳುವುದಿಲ್ಲ ಅನ್ನುವುದೂ ಅಷ್ಟೇ ದೊಡ್ಡ ಕಾರಣ.

ಈಗ ಲೆಕ್ಕಕ್ಕೆ ಬರೋಣ. ಶಾಲೆ ಮುಗಿಸಿದವನಿಗೆ ವರ್ಷಕ್ಕೆ 100 ಘಟಕ ಕೂಲಿ ಸಿಗುತ್ತದೆ ಅಂತಿಟ್ಟುಕೊಳ್ಳಿ. ಎರಡು ವರ್ಷದ ತಾಂತ್ರಿಕ ಕೋರ್ಸಿಗೆ ಸೇರಿದರೆ ಶುಲ್ಕ ವರ್ಷಕ್ಕೆ 20. ಮುಗಿಸಿದ ಮೇಲೆ ಕೂಲಿ 118, ದುಡಿಮೆ 40 ವರ್ಷ. ಖರ್ಚೆಷ್ಟು ಅಂದರೆ ಬಹಳ ಜನ 40 ಅನ್ನುತ್ತಾರೆ. ಅದು ಶುಲ್ಕ ಮಾತ್ರ. ಓದುವ ಎರಡು ವರ್ಷ ಕೈತಪ್ಪಿದ 200 ಘಟಕ ಕೂಲಿಯೂ ಖರ್ಚೇ. ಒಟ್ಟು 240ರಲ್ಲಿ ಆರರಲ್ಲಿ ಐದು ಪಾಲು ಈ ಕಾಣದ ಖರ್ಚು. ಶುಲ್ಕ ಪೂರ್ತಿ ಮನ್ನಾ ಮಾಡಿದರೂ ಬಡವರ ಮಕ್ಕಳು ಯಾಕೆ ಬರುವುದಿಲ್ಲ ಅಂತ ಅಚ್ಚರಿಪಡುವವರು ಈ ಸಾಲನ್ನು ನೋಡಬೇಕು. ಶುಲ್ಕ ಮನ್ನಾ ಆದರೆ ಹೋಗುವುದು ಆರರಲ್ಲೊಂದು ಪಾಲಿನ ಭಾರ ಮಾತ್ರ. ವಿದ್ಯಾರ್ಥಿವೇತನ, ಬಿಸಿಯೂಟ, ಸಂಜೆ ತರಗತಿ ಇವೆಲ್ಲ ಮುಟ್ಟುವುದು ಉಳಿದ ಐದು ಪಾಲನ್ನು.

ಲಾಭದ ಕಡೆ ವರ್ಷಕ್ಕೆ 18ರಂತೆ 40 ವರ್ಷಕ್ಕೆ 720. 240 ಹಾಕಿ 720 ತೆಗೆದರೆ ಮೂರುಪಟ್ಟು ಅಂತ ಜಾಹೀರಾತು ಬರೆಯುವವರು ಬರೆದೇ ಬಿಡುತ್ತಾರೆ. ಆದರೆ 30 ವರ್ಷದ ಮೇಲೆ ಬರುವ 18, ಇವತ್ತು ಕೈಯಲ್ಲಿರುವ 18 ಅಲ್ಲ. ಶೇ. 5ರ ಬಡ್ಡಿ ದರದಲ್ಲಿ ಎಲ್ಲವನ್ನೂ ಇವತ್ತಿನ ಮೌಲ್ಯಕ್ಕೆ ಇಳಿಸಿದರೆ ಖರ್ಚು ಸುಮಾರು 234, ಲಾಭ ಸುಮಾರು 294, ನಿವ್ವಳ 60. ಅದೇ ಲೆಕ್ಕವನ್ನು ಶೇ. 8ರಲ್ಲಿ ಮಾಡಿದರೆ ಖರ್ಚು 231, ಲಾಭ 199, ನಷ್ಟ. ಖರ್ಚು ಲಾಭ ಸರಿಸಮ ಆಗುವ ದರ ಶೇ. 6.7ರ ಸುತ್ತ. ಈ ಕೋರ್ಸಿನ ನಿಜವಾದ ಪ್ರತಿಫಲ ಅದು. ಮನೆಯವರು ಅದಕ್ಕಿಂತ ಹೆಚ್ಚಿನ ಬಡ್ಡಿಗೆ ಸಾಲ ತಂದು ಓದಿಸುತ್ತಿದ್ದರೆ ಕಾಗದದ ಮೇಲೆ ಲಾಭವಾಗಿ ಕಾಣುವ ಓದು ಮನೆಯನ್ನು ಮುಳುಗಿಸಬಹುದು.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ಸೇರಿದ ನೂರರಲ್ಲಿ ಮುಗಿಸುವವರು 70 ಜನ, ಉಳಿದ 30 ಜನ ಒಂದು ವರ್ಷ ಕಳೆದು ಬಿಟ್ಟುಹೋಗುತ್ತಾರೆ ಅಂತಿಟ್ಟುಕೊಳ್ಳಿ. ಬಿಟ್ಟವರು ಒಬ್ಬೊಬ್ಬರೂ 120 ಕಳೆದುಕೊಂಡು ಏನೂ ಪಡೆಯಲಿಲ್ಲ. ಆಗ ಸೇರುವ ದಿನ ಒಬ್ಬ ವಿದ್ಯಾರ್ಥಿ ಶೇ. 5ರ ದರದಲ್ಲಿ ನಿರೀಕ್ಷಿಸಬಹುದಾದ ನಿವ್ವಳ ಲಾಭ 60 ಅಲ್ಲ, 6. ಮುಗಿಸಿದವರಲ್ಲೂ ಐವರಲ್ಲಿ ಒಬ್ಬರಿಗೆ ಕಲಿತದ್ದಕ್ಕೆ ತಕ್ಕ ಕೆಲಸ ಸಿಗದೆ ಮೊದಲಿನ 100ರ ಕೂಲಿಗೇ ಹೋಗಬೇಕಾಯಿತು ಅಂದರೆ ಲೆಕ್ಕ ಮೈನಸ್ 35ಕ್ಕೆ ಇಳಿಯುತ್ತದೆ. ಪಠ್ಯಕ್ರಮ ಬದಲಾಗಲಿಲ್ಲ, ಶುಲ್ಕ ಏರಲಿಲ್ಲ. ಅರ್ಧಕ್ಕೆ ಬಿಡುವವರೂ ಕೆಲಸ ಸಿಗದವರೂ ಸೇರಿ 60ರ ಲಾಭವನ್ನು 35ರ ನಷ್ಟ ಮಾಡಿದರು. ಯಾವುದೇ ಕೋರ್ಸು ತನ್ನ ಬಗ್ಗೆ ಹೇಳಿಕೊಳ್ಳುವಾಗ ಮುಗಿಸಿ ಕೆಲಸ ಹಿಡಿದವರ ಸರಾಸರಿ ಸಂಬಳ ತೋರಿಸುತ್ತದೆ. ಕೇಳಬೇಕಾದ ಸಂಖ್ಯೆ ಬೇರೆ: ಮೊದಲ ದಿನ ಹೆಸರು ಬರೆಸಿದವರು ಎಷ್ಟು, ಅವರೆಲ್ಲರೂ ಈಗ ಎಲ್ಲಿದ್ದಾರೆ?

ಸಂಶೋಧಕರು ಈ ಉದ್ದದ ಲೆಕ್ಕದ ಬದಲು ಸಾಮಾನ್ಯವಾಗಿ ಬಳಸುವುದು ಜೇಕಬ್ ಮಿನ್ಸರ್ 1974ರಲ್ಲಿ ಕೊಟ್ಟ ಸಮೀಕರಣವನ್ನು. ಕೂಲಿಯ ಲಾಗರಿದಮ್ (ಏರಿಕೆಯನ್ನು ಶೇಕಡಾ ಲೆಕ್ಕದಲ್ಲಿ ಓದಲು ಅನುಕೂಲವಾದ ರೂಪ) ಒಂದು ಕಡೆ; ಓದಿದ ವರ್ಷ, ಅನುಭವ, ಅನುಭವದ ವರ್ಗ (ಅನುಭವವನ್ನು ಅದರಿಂದಲೇ ಗುಣಿಸಿದ್ದು) ಇನ್ನೊಂದು ಕಡೆ. ಅನುಭವ ಅಂದರೆ ವಯಸ್ಸಿನಿಂದ ಓದಿದ ವರ್ಷ ಕಳೆದು, ಇನ್ನೂ 6 ಕಳೆದದ್ದು. ವರ್ಗವನ್ನು ಸೇರಿಸುವುದು ಯಾಕೆಂದರೆ ಅನುಭವದಿಂದ ಕೂಲಿ ಮೊದಲು ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಗೆ ಬಾಗುತ್ತದೆ. ಓದಿದ ವರ್ಷದ ಮುಂದೆ ಬರುವ ಗುಣಾಂಕ, ಅಂದರೆ ಒಂದು ವರ್ಷ ಹೆಚ್ಚು ಓದಿದರೆ ಕೂಲಿ ಶೇಕಡಾ ಎಷ್ಟು ಏರುತ್ತದೆ ಅನ್ನುವುದು, ಜಗತ್ತಿನ ದೇಶಗಳ ಸರಾಸರಿಯಲ್ಲಿ ಶೇ. 9ರ ಆಸುಪಾಸು. ನಮ್ಮ ಉದಾಹರಣೆಗೆ ಇದೇ ಸೂತ್ರ ಹಚ್ಚಿದರೆ ವರ್ಷಕ್ಕೆ ಶೇ. 8.3 ಬರುತ್ತದೆ; ಸರಿಯಾದ ಉತ್ತರ 6.7 ಇತ್ತು. ವ್ಯತ್ಯಾಸ ಎಲ್ಲಿಂದ ಬಂತು? ಈ ಸೂತ್ರಕ್ಕೆ ಶುಲ್ಕ ಗೊತ್ತಿಲ್ಲ. ಕೈತಪ್ಪಿದ ಕೂಲಿಯೊಂದೇ ಖರ್ಚು ಅಂತ ಅದು ಭಾವಿಸುತ್ತದೆ. ಶುಲ್ಕ ತೆಗೆದು ನಮ್ಮ ಲೆಕ್ಕವನ್ನೇ ಮತ್ತೆ ಮಾಡಿದರೆ ಅದೂ 8.3ಕ್ಕೇ ಬಂದು ನಿಲ್ಲುತ್ತದೆ. ಸರ್ಕಾರವೇ ಖರ್ಚು ಹೊತ್ತ ಶಿಕ್ಷಣಕ್ಕೆ ಮಿನ್ಸರ್ ಗುಣಾಂಕ ನೋಡಿ ಸಮಾಜಕ್ಕೆ ಇಷ್ಟು ಲಾಭ ಅನ್ನುವವರು ಇದೇ ಜಾಗದಲ್ಲಿ ಎಡವುತ್ತಾರೆ.

ಇನ್ನೂ ಆಳದ ತೊಡಕೊಂದಿದೆ. ಹೆಚ್ಚು ಓದಿದವರು ಹೆಚ್ಚು ಗಳಿಸುತ್ತಾರೆ, ಸರಿ. ಆದರೆ ಹೆಚ್ಚು ಓದುವವರು ಮೊದಲೇ ಚುರುಕಾಗಿದ್ದವರೂ ಅನುಕೂಲಸ್ಥರೂ ಆಗಿರಬಹುದಲ್ಲ? ಹಾಗಾದರೆ ಗಳಿಕೆ ಓದಿನದ್ದೋ ಮನೆತನದ್ದೋ? ಇದನ್ನು ಬಿಡಿಸಲು ಕಳೆದ ಕೆಲವು ದಶಕಗಳಲ್ಲಿ ನಡೆದ ಕೆಲಸ ನಿಜಕ್ಕೂ ಸೊಗಸಾದದ್ದು. ಓರ್ಲಿ ಆಶೆನ್‌ಫೆಲ್ಟರ್ ಮತ್ತು ಅಲನ್ ಕ್ರೂಗರ್ ಅವಳಿಗಳ ಸಮಾವೇಶಕ್ಕೇ ಹೋಗಿ, ಒಂದೇ ತದ್ರೂಪಿ ಜೋಡಿಯಲ್ಲಿ ಹೆಚ್ಚು ಓದಿದವರನ್ನೂ ಕಡಿಮೆ ಓದಿದವರನ್ನೂ ಹೋಲಿಸಿದರು. ಅಲ್ಲಿ ಅವರು ಹೂಡಿದ ಉಪಾಯ ಒಂದು ನನಗೆ ಬಹಳ ಇಷ್ಟ: ನೀನೆಷ್ಟು ಓದಿದ್ದೀಯ ಅಂತ ಮಾತ್ರವಲ್ಲ, ನಿನ್ನ ಅವಳಿ ಎಷ್ಟು ಓದಿದ್ದಾರೆ ಅಂತಲೂ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ಯಾಕೆಂದರೆ ಜನ ತಮ್ಮ ಓದನ್ನು ತಪ್ಪಾಗಿ ಹೇಳುತ್ತಾರೆ, ಆ ತಪ್ಪು ಪ್ರತಿಫಲವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅವಳಿಗಳ ನಡುವೆ ಓದಿನ ಅಂತರವೇ ಸಣ್ಣದಾದ್ದರಿಂದ ಸಣ್ಣ ತಪ್ಪೂ ಅಲ್ಲಿ ದೊಡ್ಡದಾಗುತ್ತದೆ.

1991ರಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತು ಕ್ರೂಗರ್ ಹಿಡಿದ ದಾರಿ ಬೇರೆ. ಅಮೆರಿಕದಲ್ಲಿ ನಿಗದಿತ ವಯಸ್ಸು ತುಂಬುವವರೆಗೆ ಶಾಲೆ ಬಿಡುವಂತಿರಲಿಲ್ಲ. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತರಗತಿಯಲ್ಲಿ ಹಿರಿಯರಾಗಿರುತ್ತಾರೆ, ಹಾಗಾಗಿ ಕಡಿಮೆ ತರಗತಿ ಓದಿರುವಾಗಲೇ ಆ ವಯಸ್ಸು ಮುಟ್ಟುತ್ತಾರೆ. ಹುಟ್ಟಿದ ತಿಂಗಳಿಗೂ ಬುದ್ಧಿಗೂ ಸಂಬಂಧವಿಲ್ಲವಾದರೆ ಈ ವ್ಯತ್ಯಾಸ ಲಾಟರಿಯಂತೆ ಕೆಲಸ ಮಾಡುತ್ತದೆ. ಆಮೇಲೆ ಇದರ ದೌರ್ಬಲ್ಯವನ್ನೂ ಬೇರೆಯವರು ತೋರಿಸಿದರು: ಹುಟ್ಟಿದ ತಿಂಗಳಿಂದ ಓದಿನಲ್ಲಾಗುವ ವ್ಯತ್ಯಾಸ ತೀರಾ ಸಣ್ಣದು, ಅಂಥ ತೆಳು ದಾರಕ್ಕೆ ದೊಡ್ಡ ತೀರ್ಮಾನ ತೂಗುಹಾಕಿದರೆ ಲಕ್ಷಗಟ್ಟಲೆ ಜನರ ಮಾಹಿತಿಯಿದ್ದರೂ ಉತ್ತರ ವಾಲಬಹುದು. ನನಗೆ ಹೆಚ್ಚು ಗಟ್ಟಿ ಅನಿಸುವುದು ಎಸ್ತರ್ ಡುಫ್ಲೊ 2001ರಲ್ಲಿ ಪ್ರಕಟಿಸಿದ ಇಂಡೊನೇಷ್ಯಾದ ಅಧ್ಯಯನ. ತೈಲದ ಹಣದಿಂದ ಆ ಸರ್ಕಾರ 1973-74ರಿಂದ 1978-79ರ ನಡುವೆ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಕೆಲವು ಜಿಲ್ಲೆಗೆ ಹೆಚ್ಚು, ಕೆಲವಕ್ಕೆ ಕಡಿಮೆ. 1974ರಲ್ಲಿ 2ರಿಂದ 6 ವರ್ಷದವರಾಗಿದ್ದ ಮಕ್ಕಳಿಗೆ ಶಾಲೆ ಸಿಕ್ಕಿತು, 12 ದಾಟಿದವರಿಗೆ ತಡವಾಗಿತ್ತು. ಎರಡೂ ಬಗೆಯ ಜಿಲ್ಲೆಗಳಲ್ಲಿ ಎರಡೂ ತಲೆಮಾರನ್ನು ಹೋಲಿಸಿದಾಗ ಒಂದು ವರ್ಷದ ಓದಿಗೆ ಶೇ. 6.8ರಿಂದ 10.6ರಷ್ಟು ಕೂಲಿ ಹೆಚ್ಚಿದ್ದು ಕಂಡಿತು. ಓದಿನಿಂದಲೇ ಗಳಿಕೆ ಏರುತ್ತದೆ ಅನ್ನುವುದಕ್ಕೆ ಇಷ್ಟು ನೇರವಾದ ಸಾಕ್ಷಿ ಅಪರೂಪ.

ಸರ್ಟಿಫಿಕೇಟಿನ ಮಾತನ್ನೂ ಹೇಳಿಬಿಡಬೇಕು. ಮೈಕಲ್ ಸ್ಪೆನ್ಸ್ 1973ರಲ್ಲಿ ತೋರಿಸಿದಂತೆ, ಓದು ಯಾರಿಗೂ ಏನನ್ನೂ ಕಲಿಸದಿದ್ದರೂ ಓದಿದವರಿಗೆ ಹೆಚ್ಚು ಸಂಬಳ ಸಿಗಬಹುದು. ಕಷ್ಟದ ಪರೀಕ್ಷೆ ದಾಟುವುದು ಚುರುಕಾದವರಿಗೆ ಸುಲಭ ಅಂತ ಉದ್ಯೋಗದಾತನಿಗೆ ಗೊತ್ತಿದ್ದರೆ ಸಾಕು, ಪದವಿ ಒಂದು ಗುರುತಿನ ಚೀಟಿಯಾಗುತ್ತದೆ. ಇದು ಪೂರ್ತಿ ನಿಜವಾದರೆ ಎಲ್ಲರೂ ಇನ್ನೆರಡು ವರ್ಷ ಹೆಚ್ಚು ಓದಿದರೂ ದೇಶಕ್ಕೆ ಚಿಕ್ಕಾಸು ಲಾಭವಿಲ್ಲ. ಸಾಲಿನಲ್ಲಿ ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಸರಿದಂತೆ. ಪೂರ್ತಿ ನಿಜವಲ್ಲ ಅಂತಲೇ ನನ್ನ ನಂಬಿಕೆ. ಆದರೆ ಪಾಠ ನಡೆಯದ ಕಡೆ, ಪರೀಕ್ಷೆಗೆ ಮಾತ್ರ ಬಾಯಿಪಾಠ ಮಾಡಿಸುವ ಕಡೆ ಓದಿನಲ್ಲಿ ಚೀಟಿಯೊಂದೇ ಉಳಿದುಬಿಡುತ್ತದೆ. ಕಾಲಕ್ರಮೇಣ ಉದ್ಯೋಗದಾತನಿಗೆ ಅದು ಗೊತ್ತಾಗುತ್ತದೆ, ಚೀಟಿಯ ಬೆಲೆಯೂ ಇಳಿಯುತ್ತದೆ.

ಕೂತ ವರ್ಷವನ್ನು ಕಲಿತ ವರ್ಷವಾಗಿ ಪರಿವರ್ತಿಸುವ ಸರಳ ಸೂತ್ರವೊಂದನ್ನು ವಿಶ್ವಬ್ಯಾಂಕ್ 2018ರಲ್ಲಿ ತನ್ನ ಮಾನವ ಬಂಡವಾಳ ಸೂಚ್ಯಂಕದ ಜೊತೆ ಬಳಕೆಗೆ ತಂದಿತು. ಮಗು 18ರ ಒಳಗೆ ಶಾಲೆಯಲ್ಲಿ ಕಳೆಯಬಹುದಾದ ವರ್ಷಗಳನ್ನು, ಆ ದೇಶದ ಮಕ್ಕಳು ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಗಳಿಸುವ ಸರಾಸರಿ ಅಂಕದಿಂದ ಗುಣಿಸಿ 625ರಿಂದ ಭಾಗಿಸುವುದು. 625 ಅಂದರೆ ಉನ್ನತ ಮಟ್ಟದ ಕಲಿಕೆ. 10 ವರ್ಷದ ಶಾಲೆ, 375 ಅಂಕ ಅಂದರೆ ಕಲಿತದ್ದು 6 ವರ್ಷ. ಉಳಿದ ನಾಲ್ಕು ವರ್ಷ ಕಟ್ಟಡ, ಸಂಬಳ, ಮಗುವಿನ ಬಾಲ್ಯ ಎಲ್ಲವೂ ಖರ್ಚಾಗಿವೆ, ಬಂಡವಾಳವಾಗಿ ಏನೂ ಸೇರಿಲ್ಲ. ಪೂರ್ಣ 14 ವರ್ಷ ಕಲಿತವರಿಗೆ ಹೋಲಿಸಿ, ವರ್ಷಕ್ಕೆ ಶೇ. 8ರಂತೆ ಉತ್ಪಾದಕತೆ ಲೆಕ್ಕ ಹಾಕಿದರೆ 6 ವರ್ಷ ಕಲಿತ ಮಗು ದೊಡ್ಡವಳಾದಾಗ ತನ್ನ ಸಾಮರ್ಥ್ಯದ ಶೇ. 53ರಷ್ಟನ್ನು ಮಾತ್ರ ಮುಟ್ಟುತ್ತಾಳೆ. ಸೂಚ್ಯಂಕ ಇದನ್ನು ಮಗು ಐದು ವರ್ಷ ದಾಟಿ ಬದುಕುವ ಸಾಧ್ಯತೆಯಿಂದಲೂ, ಕುಂಠಿತ ಬೆಳವಣಿಗೆ ಮತ್ತು ವಯಸ್ಕರ ಆಯಸ್ಸಿನ ಅಂಶದಿಂದಲೂ ಗುಣಿಸುತ್ತದೆ. ಕೂಡಿಸುವುದಿಲ್ಲ, ಗುಣಿಸುತ್ತದೆ. ಒಂದು ಕಡೆ ಬಿದ್ದ ಹೊಡೆತವನ್ನು ಇನ್ನೊಂದು ಕಡೆಯ ಸಾಧನೆ ಮುಚ್ಚಿಹಾಕಲು ಬಿಡುವುದಿಲ್ಲ ಅನ್ನುವ ಕಾರಣಕ್ಕೆ ಅದು ಸರಿಯಾದ ನಿರ್ಧಾರ.

ಕಲಿಕೆ ಸೋರುವುದು ಎಲ್ಲಿ? ಬಹಳ ಸಲ ಎರಡನೇ ಮೂರನೇ ತರಗತಿಯಲ್ಲೇ, ಓದಿನ ವೇಗದಲ್ಲಿ. ಮಗು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಶುರುವಿನ ಪದ ಮರೆತಿರುತ್ತದೆ, ಯಾಕೆಂದರೆ ತಲೆಯಲ್ಲಿ ಒಮ್ಮೆಗೆ ಹಿಡಿದಿಟ್ಟುಕೊಳ್ಳಲು ಆಗುವುದು ಕೆಲವೇ ತುಣುಕು. ನಿಮಿಷಕ್ಕೆ 45ರಿಂದ 60 ಪದ ಬಂದರೆ ಅರ್ಥ ಕೂಡತೊಡಗುತ್ತದೆ ಅನ್ನುವ ಅಳತೆಯನ್ನು ಬಹಳ ಕಡೆ ಬಳಸುತ್ತಾರೆ. ಅದನ್ನು ಎಲ್ಲ ಭಾಷೆಗೂ ಹಾಗೇ ಹಚ್ಚಬಾರದು. ಕನ್ನಡದಂಥ ಭಾಷೆಯಲ್ಲಿ ‘ಬರುತ್ತಿದ್ದಾನಂತೆ’ ಅನ್ನುವ ಒಂದೇ ಪದದೊಳಗೆ ಇಂಗ್ಲಿಷಿನ ಒಂದು ಇಡೀ ವಾಕ್ಯ ಕೂತಿರುತ್ತದೆ, ಮೇಲೆ ಒತ್ತಕ್ಷರ ಬೇರೆ. ಪದ ಎಣಿಸುವ ಬದಲು ಅಕ್ಷರ ಎಣಿಸುವುದು, ಓದಿದ ಮೇಲೆ ಎರಡು ಪ್ರಶ್ನೆ ಕೇಳುವುದು ಹೆಚ್ಚು ನಂಬಲರ್ಹ. ಏನೇ ಆಗಲಿ, ಈ ಹಂತ ದಾಟದ ಮಗುವಿಗೆ ಐದನೇ ತರಗತಿಯ ವಿಜ್ಞಾನವೂ ಇಲ್ಲ, ಏಳನೆಯದರ ಲೆಕ್ಕದ ಸಮಸ್ಯೆಯೂ ಇಲ್ಲ. ಮುಂದಿನ ಪ್ರತಿ ವರ್ಷವೂ ಕೂತ ವರ್ಷ ಮಾತ್ರ. ಸರಳ ವಾಕ್ಯವೃಂದವನ್ನು ಹತ್ತನೇ ವಯಸ್ಸಿಗೂ ಓದಿ ಅರ್ಥಮಾಡಿಕೊಳ್ಳಲಾಗದ ಮಕ್ಕಳು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶೇ. 53 ಅಂತ ವಿಶ್ವಬ್ಯಾಂಕ್ 2019ರಲ್ಲಿ ಅಂದಾಜು ಮಾಡಿತ್ತು.

ಇದಕ್ಕೆ ಮದ್ದು ಅಂತ ಮೊದಲು ನೆನಪಾಗುವುದು ಸಾಮಗ್ರಿ. ಕೀನ್ಯಾದಲ್ಲಿ ಪಠ್ಯಪುಸ್ತಕ ಉಚಿತವಾಗಿ ಕೊಟ್ಟು ನೋಡಿದಾಗ ತರಗತಿಯ ಸರಾಸರಿ ಅಂಕ ಕದಲಲಿಲ್ಲ. ಮೊದಲೇ ಮುಂದಿದ್ದ ಮಕ್ಕಳದ್ದು ಮಾತ್ರ ಏರಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹಳ ಮಕ್ಕಳಿಗೆ ಅದು ಮೂರನೇ ಭಾಷೆ. ಓದಲಾಗದ ಪುಸ್ತಕ ಕೈಯಲ್ಲಿದ್ದರೇನು, ಇಲ್ಲದಿದ್ದರೇನು? ಎರಡನೆಯದು ತರಗತಿ ಚಿಕ್ಕದು ಮಾಡುವುದು. ಅಮೆರಿಕದ ಟೆನೆಸಿಯಲ್ಲಿ 1985ರಲ್ಲಿ ಶುರುವಾದ ಪ್ರಯೋಗದಲ್ಲಿ 79 ಶಾಲೆಗಳ ಮಕ್ಕಳನ್ನು ಚೀಟಿ ಎತ್ತಿದಂತೆ 13-17 ಮಕ್ಕಳ ತರಗತಿಗೂ 22-25 ಮಕ್ಕಳ ತರಗತಿಗೂ ಹಂಚಿದ್ದರು. ಚಿಕ್ಕ ತರಗತಿಯವರು ನಿಜಕ್ಕೂ ಹೆಚ್ಚು ಕಲಿತರು. ಆದರೆ 23ರಿಂದ 15ಕ್ಕೆ ಇಳಿಸಬೇಕೆಂದರೆ ಒಂದೂವರೆ ಪಟ್ಟು ಶಿಕ್ಷಕರೂ ಕೋಣೆಗಳೂ ಬೇಕು. 1996ರಲ್ಲಿ ಕ್ಯಾಲಿಫೋರ್ನಿಯಾ ಇಡೀ ರಾಜ್ಯದಲ್ಲಿ ಒಮ್ಮೆಗೇ ತರಗತಿ ಇಳಿಸಹೊರಟಾಗ ಅಷ್ಟು ಶಿಕ್ಷಕರು ಎಲ್ಲಿದ್ದರು? ತರಬೇತಿ ಪೂರ್ಣವಾಗದವರನ್ನು ಸೇರಿಸಿಕೊಳ್ಳಬೇಕಾಯಿತು. ಬಡ ಬಡಾವಣೆಗಳ ಅನುಭವಸ್ಥ ಶಿಕ್ಷಕರು ಹೊಸದಾಗಿ ಖಾಲಿಯಾದ ಒಳ್ಳೆಯ ಜಾಗಗಳಿಗೆ ಹೊರಟುಹೋದರು. ಪ್ರಯೋಗದಲ್ಲಿ ಗೆದ್ದದ್ದು ದೊಡ್ಡದಾಗಿ ಹರಡಿದಾಗ ಸೋಲುವುದು ಬಹುಮಟ್ಟಿಗೆ ಹೀಗೆಯೇ. ಉಪಾಯ ಸರಿಯಿರುತ್ತದೆ, ಅದಕ್ಕೆ ಬೇಕಾದ ಜನ ಒಂದೇ ಸಲಕ್ಕೆ ಸಿಗುವುದಿಲ್ಲ.

ಕಡಿಮೆ ಖರ್ಚಿಗೆ ಹೆಚ್ಚು ಕೆಲಸ ಮಾಡಿದ ವಿಧಾನ ತೀರಾ ಸರಳ. ಪ್ರಥಮ್ ಸಂಸ್ಥೆ ಭಾರತದಲ್ಲಿ ಬೆಳೆಸಿದ ಈ ಕ್ರಮದಲ್ಲಿ ಪ್ರತಿ ಮಗುವನ್ನು ಕೆಲವು ನಿಮಿಷ ಒಬ್ಬೊಬ್ಬರಾಗಿ ಕೂರಿಸಿಕೊಂಡು ಅಕ್ಷರ, ಪದ, ಪುಟ್ಟ ವಾಕ್ಯವೃಂದ, ಕತೆ ಹೀಗೆ ಮೇಲೇರುತ್ತಾ ಓದಿಸುತ್ತಾರೆ. ಎಲ್ಲಿ ನಿಂತಿತೋ ಅದು ಮಗುವಿನ ಮಟ್ಟ. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ವಯಸ್ಸು ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡಿ, ದಿನಕ್ಕೆ ಒಂದೆರಡು ಗಂಟೆ ಆ ಮಟ್ಟದ್ದನ್ನೇ ಕಲಿಸಿ, ಮತ್ತೆ ಓದಿಸಿ ನೋಡಿ, ಮೇಲಿನ ಗುಂಪಿಗೆ ದಾಟಿಸುತ್ತಾರೆ. ಎಡವುವುದು ಎಲ್ಲಿ ಅಂದರೆ, ಶಿಕ್ಷಕರಿಗೆ ತರಬೇತಿ ಕೊಟ್ಟು ಸಾಮಗ್ರಿ ಹಂಚಿ ವೇಳಾಪಟ್ಟಿಯನ್ನು ಹಾಗೇ ಬಿಟ್ಟಾಗ. ಪಠ್ಯ ಮುಗಿಸುವ ಒತ್ತಡ ಇದ್ದಲ್ಲಿ ಮಟ್ಟದ ಗುಂಪು ಎರಡು ವಾರದಲ್ಲಿ ಕರಗಿ ಹೋಗುತ್ತದೆ. ದಿನದಲ್ಲಿ ಇದಕ್ಕೇ ಅಂತ ಮೀಸಲಾದ ಗಂಟೆ ಬೇಕು, ಬಂದು ನೋಡುವ ಮೇಲ್ವಿಚಾರಕರಿಗೂ ಈ ಕ್ರಮ ಕೈಯಾರೆ ಮಾಡಿ ಗೊತ್ತಿರಬೇಕು.

ಶಾಲೆಗಿಂತ ಮೊದಲಿನ ವರ್ಷಗಳ ಲೆಕ್ಕ ಇನ್ನೂ ದಂಗುಬಡಿಸುವಂಥದ್ದು. ಜಮೈಕಾದಲ್ಲಿ 1980ರ ದಶಕದಲ್ಲಿ 9ರಿಂದ 24 ತಿಂಗಳ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆಯ್ದುಕೊಂಡರು. ಅವರಲ್ಲಿ ಕೆಲವರ ಮನೆಗೆ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಹೋಗಿ ಮಗುವಿನ ಜೊತೆ ಮಾತಾಡುವುದನ್ನು, ಆಡಿಸುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ಹುಡುಕಿ ನೋಡಿದಾಗ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇ. 25 ಹೆಚ್ಚಿತ್ತು. ಮೊದಲು ಕಲಿತದ್ದು ಆಮೇಲೆ ಕಲಿಯುವುದನ್ನು ಸುಲಭ ಮಾಡುತ್ತದೆ, ಹಾಗಾಗಿ ಎಳವೆಯ ಹೂಡಿಕೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ ಅಂತ ಜೇಮ್ಸ್ ಹೆಕ್‌ಮನ್ ವಾದಿಸುವುದು ಇದಕ್ಕೇ. 129 ಮಕ್ಕಳು ಕಡಿಮೆಯೇ. ಆದರೂ ಒಬ್ಬ ಮನುಷ್ಯನ ದುಡಿಮೆಯ ಬದುಕಿಗೆ ವಾರಕ್ಕೊಂದು ಗಂಟೆಯ ಆಟ ಇಷ್ಟು ಕೊಡಬಲ್ಲದು ಅನ್ನುವುದನ್ನು ಓದಿದ ಮೇಲೆ ಬಜೆಟ್ಟಿನ ಆದ್ಯತೆಗಳನ್ನು ಮೊದಲಿನ ಕಣ್ಣಿನಿಂದ ನೋಡಲು ಆಗುವುದಿಲ್ಲ.

ಇನ್ನು ಕೆಲಸದ ಜಾಗ. ಬಂಡವಾಳ ತಲೆಯಲ್ಲಿದ್ದರೂ ದುಡಿಯುವುದು ಅಲ್ಲಿ. ಹೊಲಿಗೆ ಕಾರ್ಖಾನೆಗಳಲ್ಲಿ ದಕ್ಷತೆ ಅಳೆಯುವ ಸೂತ್ರ ಎಲ್ಲ ಕಡೆ ಒಂದೇ: ಹೊಲಿದ ತುಂಡುಗಳನ್ನು ಒಂದು ತುಂಡಿಗೆ ನಿಗದಿಯಾದ ನಿಮಿಷದಿಂದ ಗುಣಿಸಿ, ದುಡಿದ ನಿಮಿಷದಿಂದ ಭಾಗಿಸುವುದು. 0.9 ನಿಮಿಷದ ಕೆಲಸ, 400 ತುಂಡು, 480 ನಿಮಿಷದ ಪಾಳಿ ಅಂದರೆ ಶೇ. 75. ಆದರೆ ಅದರಲ್ಲಿ 40 ತುಂಡು ಆಲ್ಟರೇಷನ್ನಿಗೆ ವಾಪಸು ಬಂದು, ಒಂದೊಂದಕ್ಕೆ ಇನ್ನೊಬ್ಬರ 2 ನಿಮಿಷ ತಿಂದರೆ ಆ 80 ನಿಮಿಷವನ್ನೂ ಕೆಳಗೆ ಸೇರಿಸಬೇಕು. ಆಗ ಶೇ. 64. ಮೊದಲ ಸಂಖ್ಯೆ ನೋಡಿ ಬಹುಮಾನ ಕೊಡುವ ಕಡೆ ಜನ ವೇಗ ಕಲಿಯುತ್ತಾರೆ, ಎರಡನೆಯದನ್ನು ನೋಡುವ ಕಡೆ ಕೆಲಸ ಕಲಿಯುತ್ತಾರೆ.

ಮಾಡುತ್ತಾ ಮಾಡುತ್ತಾ ಕಲಿಯುವುದಕ್ಕೂ ಒಂದು ಲೆಕ್ಕವಿದೆ. ವಿಮಾನ ತಯಾರಿಕೆಯನ್ನು ನೋಡಿ ಟಿ. ಪಿ. ರೈಟ್ 1936ರಲ್ಲಿ ಬರೆದದ್ದು: ಒಟ್ಟು ತಯಾರಿಸಿದ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ದುಡಿಮೆಯ ವೆಚ್ಚ ಮೊದಲಿನ ಶೇ. 80ಕ್ಕೆ ಇಳಿಯುತ್ತದೆ. ಮೊದಲನೆಯದಕ್ಕೆ 100 ಗಂಟೆ ಹಿಡಿದರೆ ಎರಡಕ್ಕೆ ಇಮ್ಮಡಿಯಾದಾಗ 80, ನಾಲ್ಕಕ್ಕೆ 64, ಎಂಟಕ್ಕೆ 51. ಸ್ವೀಡನ್ನಿನ ಹೋರ್ನ್‌ಡಾಲ್ ಉಕ್ಕಿನ ಕಾರ್ಖಾನೆಯಲ್ಲಿ ಹದಿನೈದು ವರ್ಷ ಹೊಸ ಹೂಡಿಕೆಯೇ ಇಲ್ಲದೆ ಗಂಟೆಯ ಉತ್ಪಾದನೆ ವರ್ಷಕ್ಕೆ ಸುಮಾರು ಶೇ. 2ರಂತೆ ಏರುತ್ತಲೇ ಹೋಯಿತು. ಅದೇ ಯಂತ್ರ. ಬದಲಾದದ್ದು ಅದರ ಎದುರಿಗೆ ನಿಂತವರ ಕೈ. ಜನ ಮೇಲಿಂದ ಮೇಲೆ ಬಿಟ್ಟುಹೋಗುವ ಕಾರ್ಖಾನೆ ಈ ಇಳಿಜಾರಿನ ಮೇಲ್ತುದಿಯಲ್ಲೇ ನಿಂತುಬಿಡುತ್ತದೆ, ಪ್ರತಿಸಲ 100 ಗಂಟೆಯಿಂದಲೇ ಶುರು.

ಆದರೂ ಮಾಲೀಕರು ತರಬೇತಿಗೆ ಯಾಕೆ ಹಿಂದೇಟು ಹಾಕುತ್ತಾರೆ? ಬೆಕರ್ ಇದನ್ನು ಎರಡು ಬಗೆಯಾಗಿ ಬಿಡಿಸಿದರು. ಇದೊಂದೇ ಕಂಪನಿಗೆ ಉಪಯೋಗವಾಗುವ ಕೌಶಲಕ್ಕೆ ಕಂಪನಿ ಖರ್ಚು ಹಂಚಿಕೊಳ್ಳುತ್ತದೆ. ಎಲ್ಲಿಗೆ ಹೋದರೂ ನಡೆಯುವ ಕೌಶಲ, ವೆಲ್ಡಿಂಗ್ ಇರಲಿ ಲೆಕ್ಕಪತ್ರ ಇರಲಿ, ಅದನ್ನು ಕಲಿಸಿದ ಮರುದಿನವೇ ಪಕ್ಕದವರು ಹೆಚ್ಚು ಸಂಬಳ ಕೊಟ್ಟು ಕರೆದುಕೊಂಡು ಹೋಗಬಹುದು. ಹಾಗಾಗಿ ಅದರ ಖರ್ಚು ಕಲಿಯುವವರ ಮೇಲೇ ಬೀಳುತ್ತದೆ, ಅಪ್ರೆಂಟಿಸ್ ಆಗಿ ಕಡಿಮೆ ಸಂಬಳಕ್ಕೆ ದುಡಿಯುವ ರೂಪದಲ್ಲಿ. ಅಷ್ಟು ದಿನ ಕಡಿಮೆ ಸಂಬಳದಲ್ಲಿ ಮನೆ ನಡೆಸಲಾಗದವರು ಕಲಿಯುವುದೇ ಇಲ್ಲ. ಜರ್ಮನಿಯಲ್ಲಿ ಅಪ್ರೆಂಟಿಸ್‌ಗಳು ವಾರದ ಕೆಲವು ದಿನ ಕಾರ್ಖಾನೆಯಲ್ಲೂ ಉಳಿದ ದಿನ ವೃತ್ತಿ ಶಾಲೆಯಲ್ಲೂ ಕಲಿತು, ಕೊನೆಗೆ ಎಲ್ಲ ಕಡೆ ಒಪ್ಪುವ ಒಂದೇ ಪರೀಕ್ಷೆ ಬರೆಯುತ್ತಾರೆ. ಪರೀಕ್ಷೆ ಹೊರಗಿನವರ ಕೈಯಲ್ಲಿರುವುದರಿಂದ ಮಾಲೀಕ ಕಲಿಸದೆ ಬರೀ ದುಡಿಸಿಕೊಂಡರೆ ಬಯಲಾಗುತ್ತದೆ.

ಕೆಲಸಗಾರರನ್ನು ದೂರುವ ಮೊದಲು ಮೇಲಿನವರ ಕಡೆಗೂ ನೋಡಬೇಕು. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಭಾರತದ ಬಟ್ಟೆ ಗಿರಣಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲಸಗಾರರಿಗೆ ಹೊಸ ವಿದ್ಯೆಯನ್ನೇನೂ ಕಲಿಸಲಿಲ್ಲ. ಯಂತ್ರ ಕೆಡುವ ಮೊದಲೇ ದುರಸ್ತಿ, ದೋಷಗಳನ್ನು ದಿನವೂ ಬರೆದಿಡುವುದು, ನೂಲಿನ ದಾಸ್ತಾನನ್ನು ಲೆಕ್ಕವಿಟ್ಟು ಜೋಡಿಸುವುದು, ಇಂಥ ನಿರ್ವಹಣೆಯ ಅಭ್ಯಾಸಗಳನ್ನು ತಂದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು. ಅದೇ ಕೈಗಳು, ಅದೇ ಓದು. ಓದಿದ ವರ್ಷದ ಗುಣಾಂಕ ಕಡಿಮೆ ಬಂದಲ್ಲೆಲ್ಲ ಓದಿನಲ್ಲೇ ದೋಷವಿದೆ ಅನ್ನುವ ಹಾಗಿಲ್ಲ. ಕೆಲವೊಮ್ಮೆ ಒಳ್ಳೆಯ ಬಂಡವಾಳ ಕೆಟ್ಟ ಅಂಗಳದಲ್ಲಿ ಬಿದ್ದಿರುತ್ತದೆ.

ತರಬೇತಿ ಫಲ ಕೊಟ್ಟಿತೋ ಇಲ್ಲವೋ ಅಂತ ನೋಡುವವರು ಹೆಚ್ಚಾಗಿ ಬೀಳುವ ಹಳ್ಳವೊಂದಿದೆ. ಹೆಸರು ಅದನ್ನು 1978ರಲ್ಲಿ ಗುರುತಿಸಿದ ಆಶೆನ್‌ಫೆಲ್ಟರ್ ಅವರದ್ದೇ. ತರಬೇತಿಗೆ ಸೇರುವವರ ಗಳಿಕೆ ಸೇರುವ ಸ್ವಲ್ಪ ಮೊದಲು ಕುಸಿದಿರುತ್ತದೆ; ಕೆಲಸ ಹೋಗಿರುತ್ತದೆ ಅಥವಾ ಕೆಟ್ಟ ಕಾಲ ನಡೆಯುತ್ತಿರುತ್ತದೆ, ಅದಕ್ಕೇ ಸೇರುವುದು. ತರಬೇತಿ ಇಲ್ಲದಿದ್ದರೂ ಒಂದಷ್ಟು ಚೇತರಿಕೆ ತಾನಾಗಿ ಆಗುತ್ತಿತ್ತು. ಮೊದಲು ಇಷ್ಟು, ಆಮೇಲೆ ಇಷ್ಟು ಅಂತ ಕಳೆದು ನೋಡಿದರೆ ಆ ಚೇತರಿಕೆಯೂ ತರಬೇತಿಯ ಖಾತೆಗೆ ಜಮೆಯಾಗುತ್ತದೆ. ಕಾರ್ಖಾನೆಯಲ್ಲಿ ಕೆಟ್ಟ ವಾರದ ಅಂಕಿ ನೋಡಿ ಹಿಂದುಳಿದವರನ್ನು ತರಬೇತಿಗೆ ಆರಿಸಿದಾಗಲೂ ಆಗುವುದು ಇದೇ.

ಮಾಡಬೇಕಾದದ್ದು ಕಷ್ಟವಲ್ಲ. ತರಬೇತಿಗೆ ಮೊದಲು ಕನಿಷ್ಠ ಮೂರು ತಿಂಗಳ ಅಂಕಿ ಬರೆದಿಡಬೇಕು. ಎಲ್ಲರಿಗೂ ಒಟ್ಟಿಗೆ ಕೊಡಲಾಗದಿದ್ದರೆ ಯಾರಿಗೆ ಮೊದಲು ಅನ್ನುವುದನ್ನು ಮೇಲ್ವಿಚಾರಕರ ಮರ್ಜಿಗೆ ಬಿಡದೆ ಚೀಟಿ ಎತ್ತಬೇಕು. ಉಳಿದವರೇ ಹೋಲಿಕೆಯ ಗುಂಪು. ಪಕ್ಕದಲ್ಲಿ ಕೂತವರು ನೋಡಿ ಕಲಿತುಬಿಡುವ ಕೆಲಸವಾದರೆ ಒಬ್ಬೊಬ್ಬರ ಬದಲು ಇಡೀ ಸಾಲಿಗೇ ಚೀಟಿ ಹಾಕಬೇಕು, ಇಲ್ಲದಿದ್ದರೆ ಹರಡಿದ ಕಲಿಕೆ ವ್ಯತ್ಯಾಸವನ್ನು ಅಳಿಸಿ ತರಬೇತಿ ವ್ಯರ್ಥ ಅಂತ ತೋರಿಸುತ್ತದೆ. ಅಳತೆ ತರಬೇತಿ ಮುಗಿದ ವಾರದ್ದಲ್ಲ, ನಾಲ್ಕು ಮತ್ತು ಆರು ತಿಂಗಳಿನದ್ದು. ಅಷ್ಟರಲ್ಲಿ ಬಿಟ್ಟುಹೋದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬಾರದು. ಸಾಧ್ಯವಾದರೆ ಅವರು ಈಗ ಎಲ್ಲಿ, ಎಷ್ಟಕ್ಕೆ ದುಡಿಯುತ್ತಿದ್ದಾರೆ ಅಂತ ವಿಚಾರಿಸಿ ಬರೆದುಕೊಳ್ಳಬೇಕು. ಹೆಚ್ಚು ಸಂಬಳಕ್ಕೆ ಬೇರೆಡೆ ಹೋದವಳು ಕಂಪನಿಯ ಪುಸ್ತಕದಲ್ಲಿ ನಷ್ಟ, ಅವಳ ಮನೆಯ ಪುಸ್ತಕದಲ್ಲೂ ದೇಶದ ಪುಸ್ತಕದಲ್ಲೂ ಲಾಭ. ತರಬೇತಿಯ ಖರ್ಚನ್ನು ಈ ಮೂವರಲ್ಲಿ ಯಾರು ಎಷ್ಟು ಹೊರಬೇಕು ಅನ್ನುವ ಮಾತುಕತೆ ಶುರುವಾಗಬೇಕಾದದ್ದು ಆ ಸಾಲಿನಿಂದ.